ಇಂಗ್ಲಿಷಿನ ನುಡಿಗಟ್ಟುಗಳೂ ಟೋಕಿಯೋದ ಕೋಶವೂ

'ಗೆಳೆಯನು ಕೈಕೊಟ್ಟನು' ಎಂಬ ಮಾತು ಕನ್ನಡದ ಮನೆಗಳಲ್ಲಿ ಎಳೆಯ ಮಕ್ಕಳಿಗೂ ತಿಳಿಯುವುದು. 'ಕೈ' ಎಂಬುದನ್ನೂ 'ಕೊಡು' ಎಂಬುದನ್ನೂ ಕೋಶದಲ್ಲಿ ಬೇರೆಬೇರೆಯಾಗಿ ನೋಡಿ ಕಲಿತ ಪರದೇಶಿಯಾದರೋ, ಗೆಳೆಯನು ನೆರವಾದನೆಂದೇ ಭಾವಿಸಿಯಾನು. ದರ್ಭೆಯನ್ನು ಕೊಯ್ದು ತರುವವನೆಂಬ ಅರ್ಥದ 'ಕುಶಲ' ಶಬ್ದವು ನಿಪುಣನೆಂಬ ಅರ್ಥದಲ್ಲಿ ನೆಲೆನಿಂತುದನ್ನು ಮಮ್ಮಟನು ರೂಢಿಲಕ್ಷಣೆಗೆ ಉದಾಹರಿಸಿರುವನಷ್ಟೆ. ಅವಯವಾರ್ಥವನ್ನು ರೂಢಿಯು ನುಂಗಿಹಾಕುವ ಈ ನ್ಯಾಯವು ಇಂಗ್ಲಿಷಿನಲ್ಲಿ ಹೆಜ್ಜೆಹೆಜ್ಜೆಗೂ ಎದುರಾಗುವುದು. ಅಲ್ಲಿನ ತೊಡಕು ದೊಡ್ಡ ಪದಗಳದ್ದಲ್ಲ, ಚಿಕ್ಕವುಗಳದು. 'ಪುಟ್' ಎಂದರೆ ಇಡುವುದು, 'ಅಪ್' ಎಂದರೆ ಮೇಲೆ, 'ವಿತ್' ಎಂದರೆ ಒಡನೆ; ಮೂರೂ ಕೂಡಿದರೆ ಸಹಿಸಿಕೊಳ್ಳುವುದು!

ಇದನ್ನು ಪರಭಾಷೆಯವನಿಗೆ ತಿಳಿಸಿಕೊಡುವ ಹೊಣೆಯನ್ನು ಇಂಗ್ಲೆಂಡಿನ ಹಳೆಯ ಕೋಶಕಾರರು ಹೊತ್ತವರಲ್ಲ. 1928ರಲ್ಲಿ ಮುಗಿದ ಆಕ್ಸ್‌ಫರ್ಡಿನ ಮಹಾಕೋಶವೂ ಶಬ್ದಗಳ ಚರಿತ್ರೆಯನ್ನು ಹೇಳತಕ್ಕುದೇ ಹೊರತು ಕಲಿಯುವವನ ಕೈಹಿಡಿದು ನಡೆಸತಕ್ಕುದಲ್ಲ. ಆ ಕೆಲಸವು ಜಪಾನಿನಲ್ಲಿ ನಡೆಯಿತು.

ಹೆರಾಲ್ಡ್ ಪಾಮರ್ ಎಂಬ ಆಂಗ್ಲ ವಿದ್ವಾಂಸನು 1922ರಲ್ಲಿ ಟೋಕಿಯೋವಿಗೆ ಹೋಗಿ, ಮರುವರ್ಷವೇ ಇಂಗ್ಲಿಷ್ ಬೋಧನೆಯ ಸಂಶೋಧನ ಸಂಸ್ಥೆಯೊಂದನ್ನು ಕಟ್ಟಿದನು. ಯಾವ ಪದವು ಯಾವುದರೊಡನೆ ಕೂಡಿ ಬರುವುದೆಂಬುದನ್ನು ಆ ಸಂಸ್ಥೆಯವರು ವರ್ಷಗಟ್ಟಲೆ ಸಂಗ್ರಹಿಸಿ 1933ರಲ್ಲಿ ವರದಿಯೊಂದನ್ನು ಹೊರತಂದರು. ಈ ಕಾರ್ಯದಲ್ಲಿ ನೆರವಾದವನು ಆಲ್ಬರ್ಟ್ ಸಿಡ್ನಿ ಹಾರ್ನ್‌ಬಿ. 1924ರಲ್ಲಿ ಕ್ಯೂಶೂ ದ್ವೀಪದ ಓಯಿತಾಕ್ಕೆ ಸಾಹಿತ್ಯಬೋಧನೆಗೆಂದು ಹೋದ ಈತನಿಗೆ, ಶಿಷ್ಯರಿಗೆ ಮೊದಲು ಬೇಕಾದುದು ಕಾವ್ಯವಲ್ಲ, ಭಾಷೆಯೆಂಬುದು ಬೇಗನೆ ಮನವರಿಕೆಯಾಯಿತು. ತನ್ನ ಪಾಠವೇ ಶಿಷ್ಯನಿಗೆ ಒದಗದೆಂದು ಒಪ್ಪಿಕೊಳ್ಳುವ ಗುರುಗಳು ವಿರಳ.

1936ರಲ್ಲಿ ಪಾಮರನು ಸ್ವದೇಶಕ್ಕೆ ಮರಳಿದನು. ಹಾರ್ನ್‌ಬಿಯು ಗೇಟನ್‌ಬಿ, ವೇಕ್‌ಫೀಲ್ಡ್ ಎಂಬ ಇಬ್ಬರೊಡಗೂಡಿ ಕೋಶರಚನೆಗೆ ತೊಡಗಿದನು. ಅರ್ಥವನ್ನು ಹೇಳಿ ಕೈತೊಳೆದುಕೊಳ್ಳುವುದು ಅವರ ಪದ್ಧತಿಯಲ್ಲ. ಕ್ರಿಯಾಪದಗಳನ್ನು 25 ವಾಕ್ಯವಿನ್ಯಾಸಗಳಾಗಿ ವಿಂಗಡಿಸಿದರು. ಯಾವ ನಾಮಪದಕ್ಕೆ ಬಹುವಚನವುಂಟು, ಯಾವುದಕ್ಕಿಲ್ಲ ಎಂಬುದನ್ನು ಗುರುತಿಸಿದರು. 'ವಾಂಟ್' ಎಂಬುದರ ಮುಂದೆ 'ಟು ಗೋ' ಸಲ್ಲುವುದು, 'ಎಂಜಾಯ್' ಎಂಬುದರ ಮುಂದೆ ಸಲ್ಲದು. ಇದು ಆಂಗ್ಲನಿಗೆ ತಾಯ ಹಾಲಿನೊಡನೆ ಬಂದುದು. ಕಾರಣವನ್ನು ಕೇಳಿದರೆ ಅವನೂ ತಡವರಿಸುವನು. ನುಡಿಗಟ್ಟುಗಳ ಪಟ್ಟಿಯನ್ನು ಬಾಯಿಪಾಠಮಾಡಿ, ಪರೀಕ್ಷೆಯ ಪ್ರಬಂಧದಲ್ಲಿ ಸಮಯಾಸಮಯವೆನ್ನದೆ ತುರುಕುವ ವಿದ್ಯಾರ್ಥಿಗೆ ಬೇಕಾದ ಮದ್ದೂ ಇದೇ: ಮಾತಿನ ಅರ್ಥಕ್ಕಿಂತ ಅದರ ನೆರೆಹೊರೆಯನ್ನು ಅರಿಯುವುದು.

ಅಷ್ಟರಲ್ಲಿ 1941ರ ಡಿಸೆಂಬರಿನಲ್ಲಿ ಜಪಾನಿಗೂ ಬ್ರಿಟನ್ನಿಗೂ ಯುದ್ಧವು ಹತ್ತಿತು. ಹಾರ್ನ್‌ಬಿಯು ಶತ್ರುಪ್ರಜೆಯೆಂದು ಬಂಧನಕ್ಕೊಳಗಾದನು. ಆದರೂ ಟೋಕಿಯೋದ ಕೈತಾಕುಶಾ ಪ್ರಕಾಶಕರು ಕೈಬಿಡಲಿಲ್ಲ. ಶತ್ರುವಿನ ಭಾಷೆಯ ಕೋಶವು, ಶತ್ರುಪ್ರಜೆಗಳ ಹೆಸರನ್ನೇ ಹೊತ್ತು, 1942ರಲ್ಲಿ ಜಪಾನಿನ ರಾಜಧಾನಿಯಲ್ಲಿಯೇ ಪ್ರಕಟವಾಯಿತು! ಅದೇ ವರ್ಷ ಹಾರ್ನ್‌ಬಿಗೆ ಬಿಡುಗಡೆಯಾಗಿ ಅವನು ದೇಶಕ್ಕೆ ಮರಳಿದನು.

ಯುದ್ಧಾನಂತರ ಆಕ್ಸ್‌ಫರ್ಡ್ ಮುದ್ರಣಾಲಯದವರು ಈ ಕೋಶವನ್ನು ಹೊಸದಾಗಿ ಮೊಳೆ ಜೋಡಿಸದೆ, ಟೋಕಿಯೋದ ಪುಟಗಳ ಛಾಯಾಪ್ರತಿಯಿಂದಲೇ 1948ರಲ್ಲಿ ಬೇರೊಂದು ಹೆಸರಿನಿಂದ ಪ್ರಕಟಿಸಿದರು. ಹೀಗಾಗಿ ಇಂಗ್ಲಿಷಿನ ವಾಗ್ರೂಢಿಯನ್ನರಿಯಲು ಅದನ್ನು ತೆರೆದವರ ಕಣ್ಣಿಗೆ ಬಿದ್ದ ಅಕ್ಷರಗಳು ಜಪಾನಿನಲ್ಲಿ ಜೋಡಿಸಿದವುಗಳೇ ಆಗಿದ್ದುವು.