ಕಾರಿನ ಹನ್ನೆರಡು ವೋಲ್ಟು

ಹಿಂದೆ ಕಾರಿನಲ್ಲಿ ರೇಡಿಯೋ ಹಾಡಬೇಕಾದರೆ ಒಂದು ತೊಡಕಿತ್ತು. ಅದರ ವಾಲ್ವುಗಳಿಗೆ ನೂರಾರು ವೋಲ್ಟು ಬೇಕು. ಬ್ಯಾಟರಿ ಕೊಡುತ್ತಿದ್ದುದು ಬರಿಯ 6. ಈ ಕೊರತೆಯನ್ನು ನೀಗುತ್ತಿದ್ದುದು ‘ವೈಬ್ರೇಟರ್’. ಕಂಪಕವೆಂದರೂ ಸಲ್ಲುತ್ತದೆ, ಆದರೆ ಅಂಗಡಿಯವರು ಒಪ್ಪರು! ಅದರ ಉಕ್ಕಿನ ನಾಲಿಗೆ ಸೆಕೆಂಡಿಗೆ ನೂರಕ್ಕೂ ಮಿಕ್ಕಿ ಮಿಡಿದು ಪ್ರವಾಹವನ್ನು ತುಂಡರಿಸುತ್ತಿತ್ತು. ಟ್ರಾನ್ಸ್‌ಫಾರ್ಮರು ವೋಲ್ಟನ್ನು ಏರಿಸುತ್ತಿತ್ತು. ಮನೆಯಲ್ಲಿ ಬ್ಯಾಟರಿ ರೇಡಿಯೋ ಇದ್ದ ಹಿರಿಯ ಓದುಗರಿಗೆ ಆ ಗುಂಯ್‌ಗುಟ್ಟುವ ಸದ್ದು ನೆನಪಿದ್ದೀತು. ಇಂದಿನ ಪವರ್ ಎಲೆಕ್ಟ್ರಾನಿಕ್ಸ್ ವಿದ್ಯೆಯ ತಿರುಳೂ ಇದೇ: ಪ್ರವಾಹವನ್ನು ಕಡಿದು ಕೂಡಿಸಿ ಬೇಕಾದ ರೂಪಕ್ಕೆ ತರುವುದು. ನಾಲಿಗೆಯ ಸ್ಥಾನಕ್ಕೆ ಸಿಲಿಕಾನ್ ಬಂದಿದೆ, ಅಷ್ಟೆ.

ಕೆಟರಿಂಗ್ ಎಂಬವರು ರೂಪಿಸಿದ ವಿದ್ಯುತ್ ಸ್ಟಾರ್ಟರು 1912ರ ಕ್ಯಾಡಿಲಾಕ್ ಕಾರಿನಲ್ಲಿ ಬಂದಿತು. ಅದಕ್ಕೆ ಮುಂಚೆ ಹ್ಯಾಂಡಲ್ ತಿರುಗಿಸಬೇಕಿತ್ತು. ಎಂಜಿನು ಹಿಂದಕ್ಕೆ ಒದ್ದರೆ ಮುಂಗೈ ಮುರಿಯುತ್ತಿತ್ತು. 1950ರ ದಶಕದಲ್ಲಿ ಅಮೆರಿಕದ ಕಾರುಗಳು 6 ವೋಲ್ಟನ್ನು ಬಿಟ್ಟು 12ನ್ನು ಹಿಡಿದವು. 1960ರ ವೇಲಿಯಂಟ್ ಕಾರಿನಲ್ಲಿ ಕ್ರೈಸ್ಲರ್ ಸಂಸ್ಥೆ ಡೈನಮೋವನ್ನೇ ಕೈಬಿಟ್ಟಿತು. ಎಂಜಿನು ನಿಧಾನವಾಗಿ ಓಡುವಾಗ ಡೈನಮೋದಿಂದ ಸಾಕಷ್ಟು ವಿದ್ಯುತ್ತು ಬಾರದು. ಆಲ್ಟರ್ನೇಟರು ಆಗಲೂ ಕೊಡುತ್ತದೆ. ಆದರೆ ಕೊಡುವುದು ಪರ್ಯಾಯ ಪ್ರವಾಹ, ಬ್ಯಾಟರಿಗೆ ಒಗ್ಗದು. ಸಿಲಿಕಾನ್ ಡಯೋಡುಗಳು ಒಂದೇ ದಿಕ್ಕಿಗೆ ದಾರಿ ಬಿಡುವ ದ್ವಾರಪಾಲಕರಂತೆ ನಿಂತು ಅದನ್ನು ಏಕಮುಖ ಮಾಡಿದವು.

ಈ 12 ವೋಲ್ಟು ಇನ್ನೆಷ್ಟು ಕಾಲ? ವೋಲ್ಟು ನಾಲ್ಕು ಪಟ್ಟಾದರೆ ಅದೇ ಕೆಲಸಕ್ಕೆ ಕಾಲುಭಾಗ ಪ್ರವಾಹ ಸಾಕು; ಅದೇ ತಂತಿಯಲ್ಲಿ ಕಾವಾಗಿ ಕಳೆದುಹೋಗುವುದು ಹದಿನಾರರಲ್ಲೊಂದು ಪಾಲು. ತಾಮ್ರದ ಬೆಲೆ ಬಲ್ಲ ತಮಗೆ ಹೆಚ್ಚು ಹೇಳಬೇಕಿಲ್ಲ. 1990ರ ದಶಕದಲ್ಲಿ 42 ವೋಲ್ಟಿಗೆ ಏರುವ ಮಾತು ನಡೆಯಿತು. 2001ರಲ್ಲಿ ಟೊಯೋಟಾ ಕ್ರೌನ್ ಕಾರಿನ ಒಂದು ಮಾದರಿ ಆ ಬಗೆಯಲ್ಲಿ ಬಂದಿತು. ಬಳಿಕ ಮಾತು ತಣ್ಣಗಾಯಿತು; ದೀಪ, ಮೋಟಾರು, ಫ್ಯೂಸು ಎಲ್ಲವನ್ನೂ ಬದಲಿಸುವ ಖರ್ಚು ಹೊರುವವರು ಯಾರು? 2023ರಲ್ಲಿ ಟೆಸ್ಲಾ ಸೈಬರ್‌ಟ್ರಕ್ 48 ವೋಲ್ಟಿನೊಂದಿಗೆ ಬಂದಾಗ ಹಳೆಯ ಪ್ರಶ್ನೆ ಮತ್ತೆ ಎದ್ದಿತು.

ವಿದ್ಯುತ್ ಕಾರುಗಳಲ್ಲಂತೂ ಈ ವಿದ್ಯೆಯದೇ ಯಜಮಾನಿಕೆ. ನೂರಾರು ವೋಲ್ಟಿನ ದೊಡ್ಡ ಬ್ಯಾಟರಿಯಿಂದ ಇನ್ವರ್ಟರು ಮೋಟಾರನ್ನು ನಡೆಸುತ್ತದೆ. ಕನ್ವರ್ಟರು ವೋಲ್ಟನ್ನು ಇಳಿಸಿ ಚಿಕ್ಕ ಬ್ಯಾಟರಿಯನ್ನು ಪೋಷಿಸುತ್ತದೆ. ಆದರೂ ಇಂಥ ಬಹುಪಾಲು ಕಾರುಗಳಲ್ಲಿ ದೊಡ್ಡ ಬ್ಯಾಟರಿಯ ಸಂಪರ್ಕ ಮುಚ್ಚುವ ಸ್ವಿಚ್ಚಿಗೆ ಅಪ್ಪಣೆ ಹೋಗುವುದು ಆ 12 ವೋಲ್ಟಿನಿಂದಲೇ. ಅದು ಬರಿದಾದರೆ ದೊಡ್ಡದು ತುಂಬಿದ್ದರೂ ಕಾರು ಕದಲದು. ಅಂಥ ಕಾರು ಕೊಳ್ಳುವವರು ಆ ಚಿಕ್ಕ ಬ್ಯಾಟರಿ ಎಲ್ಲಿದೆ, ತಮ್ಮ ಊರಿನಲ್ಲಿ ಅದನ್ನು ಬದಲಿಸಿಕೊಡುವವರು ಯಾರು ಎಂದು ಮೊದಲು ಕೇಳಿಕೊಳ್ಳಲಿ.