ಜೇಕಿನ ಗುರುತು ಮಣ್ಣಿನೊಳಗೆ

ಹೊಲದ ಬದುವಿನಲ್ಲಿ, ತೋಟದ ಪಾತಿಯಲ್ಲಿ, ಕೆರೆಯ ಅಂಚಿನಲ್ಲಿ, ನಗರದ ಕಾಲುದಾರಿಯ ಕಲ್ಲುಸಂದಿಯಲ್ಲೂ ತಲೆಯೆತ್ತುವ ಜೇಕನ್ನು ಹೆಚ್ಚಿನವರು ಹುಲ್ಲೆಂದೇ ತಿಳಿಯುತ್ತಾರೆ. ರೈತರಿಗೆ ಅದು ಬೆನ್ನು ಬಿಡದ ಕಳೆ. ಗ್ರಂಧಿಗೆ ಅಂಗಡಿಯಲ್ಲಿ ಅದರ ಗಡ್ಡೆಗೆ ತುಂಗೆ ಗಡ್ಡೆ, ಕೊನ್ನಾರಿ ಗಡ್ಡೆ ಎಂಬ ಹೆಸರು. ಆಯುರ್ವೇದದಲ್ಲಿ ಅದೇ ಮುಸ್ತಾ, ಭದ್ರಮುಷ್ಟಿ. ಇಷ್ಟು ಹೆಸರುಗಳಿರುವ ಈ ಸಸ್ಯವನ್ನು ಗುರುತಿಸುವುದು ಮಾತ್ರ ಅಂದುಕೊಂಡಷ್ಟು ಸುಲಭವಲ್ಲ.

ಜೇಕು ಹುಲ್ಲಿನ ಕುಟುಂಬಕ್ಕೆ ಸೇರಿದ್ದಲ್ಲ. ಹುಲ್ಲಿನ ಕಾಂಡ ಸಾಮಾನ್ಯವಾಗಿ ದುಂಡು, ನಡುನಡುವೆ ಗೆಣ್ಣು, ಒಳಗೆ ಟೊಳ್ಳು. ಜೇಕಿನ ಹೂದಂಟನ್ನು ಬೆರಳುಗಳ ನಡುವೆ ಹೊರಳಿಸಿದರೆ ಮೂರು ಅಂಚುಗಳು ತಗಲುತ್ತವೆ. ಅದಕ್ಕೆ ಗೆಣ್ಣಿಲ್ಲ, ಒಳಗೆ ತಿರುಳು ತುಂಬಿರುತ್ತದೆ. ಎಲೆಗಳು ಮೂರು ಸಾಲಿನಲ್ಲಿ ಮೂಡುತ್ತವೆ.

ಆದರೆ ಮೂರಂಚು ಇದ್ದ ಮಾತ್ರಕ್ಕೆ ತುಂಗೆ ಎನ್ನಲಾಗದು. ಈಜಿಪ್ಟಿನವರು ಬರೆಯುವ ಹಾಳೆ ಮಾಡಿದ ಪಪೈರಸ್ ಕೂಡ ಇದೇ ಕುಲದ್ದು. ಭತ್ತದ ಗದ್ದೆಯ ಕೆಲವು ಜೇಕುಗಳಿಗೆ ಗಡ್ಡೆಯೇ ಇಲ್ಲ, ಬರೀ ನಾರುಬೇರು. ತುಂಗೆಯ ತೆನೆ ನೇರಳೆ ಬೆರೆತ ಕಂದು ಬಣ್ಣದ್ದು. ಅದರ ಹತ್ತಿರದ ಬಂಧು ಸೈಪೆರಸ್ ಎಸ್ಕುಲೆಂಟಸ್‌ನ ತೆನೆ ಹಳದಿಗಂದು. ಸಂಶಯ ಉಳಿದರೆ ಮಣ್ಣು ಕೆದಕಿ ನೋಡಬೇಕು. ಎಸ್ಕುಲೆಂಟಸ್‌ನಲ್ಲಿ ನೆಲದೊಳಗಿನ ಎಳೆಯ ತುದಿಗೊಂದರಂತೆ ಸಿಹಿಯಾದ ಗಡ್ಡೆ. ತುಂಗೆಯಲ್ಲಾದರೋ ಮಣಿಸರದಂತೆ ಒಂದರ ಹಿಂದೊಂದು ಗಡ್ಡೆ. ಬಲಿತಾಗ ಕಪ್ಪು, ಮುರಿದರೆ ಘಮ, ಬಾಯಿಗಿಟ್ಟರೆ ಕಹಿ.

ಈ ಗಡ್ಡೆಯ ನೆಲೆಯನ್ನು ನಮ್ಮ ಹಿಂದಿನವರು ಚೆನ್ನಾಗಿ ಬಲ್ಲವರಾಗಿದ್ದರು. ಕಾಳಿದಾಸನ 'ಶಾಕುಂತಲ'ದಲ್ಲಿ ಕಾಡುಹಂದಿಗಳು ಮುಸ್ತೆಯನ್ನು ಅಗೆಯುವುದು ಸಣ್ಣ ಹೊಂಡದಲ್ಲಿ. ಹಸಿವು ಹೆಚ್ಚಿಸುವ, ಅನ್ನ ಜೀರ್ಣಿಸುವ, ಭೇದಿ ಕಟ್ಟುವ ಮದ್ದುಗಳಲ್ಲಿ ಚರಕ ಸಂಹಿತೆ ಮುಸ್ತೆಯನ್ನು ಮೇಲಿನ ಸ್ಥಾನದಲ್ಲಿಟ್ಟಿದೆ. ನೀರು ಹೆಚ್ಚಿರುವ ಅನೂಪ ದೇಶದಲ್ಲಿ ಬೆಳೆದದ್ದೇ ಪ್ರಶಸ್ತ ಎಂಬುದು ಭಾವಪ್ರಕಾಶದ ಮಾತು. 1753ರಲ್ಲಿ ಸ್ವೀಡನ್ನಿನ ಲಿನೇಯಸ್ ಇದಕ್ಕೆ ಸೈಪೆರಸ್ ರೊಟಂಡಸ್ ಎಂದು ಹೆಸರಿಟ್ಟಾಗ ನೆಲೆ ಎಂದು ಬರೆದದ್ದು ಭಾರತವನ್ನು.

ಅದರ ನಿಜವಾದ ವ್ಯಾಪ್ತಿ ಇನ್ನೂ ದೊಡ್ಡದು. ಸುಡಾನಿನ ಬಿಳಿ ನೈಲ್ ದಡದಲ್ಲಿರುವ ಅಲ್ ಖಿದಾಯ್‌ನ ಪ್ರಾಚೀನ ಗೋರಿಗಳಲ್ಲಿ ಸಿಕ್ಕ ಹಲ್ಲುಗಳ ಕಿಟ್ಟವನ್ನು ಪರೀಕ್ಷಿಸಿದ ವಿಜ್ಞಾನಿಗಳು 2014ರಲ್ಲಿ ಫಲಿತಾಂಶ ಪ್ರಕಟಿಸಿದರು. ಬೇಸಾಯ ಬರುವ ಮುಂಚೆಯೂ ಬಂದ ನಂತರವೂ ಅಲ್ಲಿನ ಜನ ಈ ಗಡ್ಡೆಯನ್ನು ತಿನ್ನುತ್ತಿದ್ದರು. ಹಲ್ಲು ಹುಳುಕಾಗಿಸುವ ಬ್ಯಾಕ್ಟೀರಿಯಾವನ್ನು ತಡೆಯುವ ಗುಣ ಇದಕ್ಕಿದೆ. ಅಲ್ಲಿನವರ ಹಲ್ಲಿನಲ್ಲಿ ಹುಳುಕು ತೀರ ಕಡಿಮೆಯಿದ್ದುದಕ್ಕೆ ಇದೂ ಕಾರಣವಿರಬಹುದು ಎಂಬುದು ಅವರ ಊಹೆ.

ಮದ್ದೂ ಆಹಾರವೂ ಆಗಿದ್ದ ಸಸ್ಯಕ್ಕೆ ಕಳೆಯ ಪಟ್ಟ ಬಂದದ್ದು ಹೇಗೆ? ತುಂಗೆ ಬೀಜಕ್ಕಿಂತ ಹೆಚ್ಚಾಗಿ ಗಡ್ಡೆಯಿಂದಲೇ ಹರಡುತ್ತದೆ. ನೇಗಿಲೋ ಗುದ್ದಲಿಯೋ ಸರವನ್ನು ತುಂಡರಿಸಿದರೆ ತುಂಡಾದ ಪ್ರತಿ ಗಡ್ಡೆಯೂ ಹೊಸ ಗಿಡವಾಗಬಲ್ಲದು. ತೆರೆದ ಬಿಸಿಲು, ಸಡಿಲ ಮಣ್ಣು, ನೀರಾವರಿ ಮೂರನ್ನೂ ಒದಗಿಸಿದ್ದು ಬೇಸಾಯವೇ. ಹೊಂಡದ ಅಂಚಿನ ಗಿಡ ಹೀಗೆ ಹೊಲದ ನಡುವಿಗೆ ಬಂತು. ಲೆರಾಯ್ ಹೋಮ್ ಮತ್ತು ಸಂಗಡಿಗರು 1977ರಲ್ಲಿ ಪ್ರಕಟಿಸಿದ ಜಗತ್ತಿನ ಕೆಟ್ಟ ಕಳೆಗಳ ಗ್ರಂಥದಲ್ಲಿ ಮೊದಲ ಸ್ಥಾನ ಇದಕ್ಕೇ.

ಆದ್ದರಿಂದ ಗುರುತು ಹಿಡಿಯುವುದು ಬರೀ ಸಸ್ಯಶಾಸ್ತ್ರಜ್ಞರ ಕೆಲಸವಲ್ಲ. ಗಡ್ಡೆಯಿಲ್ಲದ ಜೇಕನ್ನು ಬೀಜ ಕಟ್ಟುವ ಮುನ್ನ ಕಿತ್ತರೆ ಸಾಕು. ತುಂಗೆಯ ತಲೆ ಕಿತ್ತರೆ ಗಡ್ಡೆ ಮತ್ತೆ ಚಿಗುರುತ್ತದೆ. ಬೇಸಿಗೆಯಲ್ಲಿ ಉತ್ತು ಗಡ್ಡೆಗಳನ್ನು ಬಿಸಿಲಿಗೆ ಒಣಗಿಸುವುದು, ದಟ್ಟವಾಗಿ ನೆರಳು ಕೊಡುವ ಬೆಳೆ ಬೆಳೆಯುವುದು ಇದರ ಬಲ ಕುಗ್ಗಿಸುವ ದಾರಿಗಳು. ಮದ್ದಿಗೆ ಕೊಳ್ಳುವವರಿಗೂ ಎಚ್ಚರ ಬೇಕು: ನಾಗರಮುಸ್ತಾ ಎಂಬ ಹೆಸರಿನಲ್ಲಿ ಸಾಮಾನ್ಯವಾಗಿ ಸಿಗುವುದು ಇದೇ ಕುಲದ ಬೇರೆ ಪ್ರಭೇದ. ಒಣಗಿದ ಮೇಲೆ ತೆನೆಯೂ ಇಲ್ಲ, ಎಲೆಯೂ ಇಲ್ಲ. ಬಣ್ಣ ಕಳೆದುಕೊಂಡ ಗಡ್ಡೆಗಳಲ್ಲಿ ಯಾವುದು ಯಾವುದೆಂದು ಹೇಳಲು ಪಳಗಿದ ಕಣ್ಣೇ ಬೇಕು.