ಜೀವ ಉಳಿಸೋ ಯಂತ್ರದ ಪಕ್ಕದಲ್ಲೇ ಸಾವು

ಡಯಾಲಿಸಿಸ್ ಅಂದ್ರೆ ಜೀವ ಉಳಿಸೋ ಚಿಕಿತ್ಸೆ. ಆದ್ರೆ 1969-70ರಲ್ಲಿ ಸ್ಕಾಟ್ಲೆಂಡಿನ ಎಡಿನ್‌ಬರೋದಲ್ಲಿ ಡಯಾಲಿಸಿಸ್ ಮತ್ತು ಕಿಡ್ನಿ ಕಸಿ ಘಟಕಗಳಿಗೆ ಹೆಪಟೈಟಿಸ್ ಬಿ ನುಗ್ಗಿತು. 11 ಜನ ಸತ್ತರು. ಅವರಲ್ಲಿ 4 ಮಂದಿ ರೋಗಿಗಳೇ ಅಲ್ಲ, ಸಿಬ್ಬಂದಿ!

ಯಾಕೆ ಹೀಗಾಯ್ತು? ಡಯಾಲಿಸಿಸ್‌ನಲ್ಲಿ ರಕ್ತ ದೇಹದಿಂದ ಹೊರಗೆ ಬಂದು, ಶುದ್ಧವಾಗಿ ವಾಪಸ್ ಹೋಗುತ್ತೆ. ಅದೂ ವಾರಕ್ಕೆ ಎರಡು-ಮೂರು ಸಲ. ಈ ವೈರಸ್ಸೋ, ಒಣಗಿದ ರಕ್ತದ ಕಲೆಯಲ್ಲೂ ಏಳು ದಿನ ಬದುಕಬಲ್ಲದು.

ಬ್ರಿಟನ್ ಪಾಠ ಕಲಿತಿತು. 1972ರಲ್ಲಿ ರೋಸೆನ್‌ಹೈಮ್ ಸಮಿತಿಯ ವರದಿ ಬಂತು. ರಕ್ತ ಪರೀಕ್ಷೆ ರೂಢಿಗೆ ಬಂತು, ಸೋಂಕಿತರನ್ನು ಪ್ರತ್ಯೇಕವಾಗಿಡುವ ಪದ್ಧತಿ ಬಂತು. 1981ರಲ್ಲಿ ಅಮೆರಿಕ ಲಸಿಕೆಗೆ ಅನುಮತಿ ಕೊಟ್ಟಿತು. 1997ರಲ್ಲಿ ಹೈದರಾಬಾದಿನ ಶಾಂತಾ ಬಯೋಟೆಕ್ನಿಕ್ಸ್ ಅಗ್ಗದ ದೇಶೀ ಲಸಿಕೆಯನ್ನೇ ಮಾರುಕಟ್ಟೆಗೆ ತಂದಿತು.

ಕಥೆ ಮುಗೀತಾ? ಇಲ್ಲ. ಕಿಡ್ನಿ ಕೆಟ್ಟವರ ರೋಗನಿರೋಧಕ ಶಕ್ತಿ ಕುಗ್ಗಿರುತ್ತೆ. ಮಾಮೂಲಿ ಡೋಸ್ ಅವರಿಗೆ ಸಾಲದು, ಸಾಮಾನ್ಯವಾಗಿ ದುಪ್ಪಟ್ಟು ಬೇಕು. ಕಸಿ ಆದಮೇಲೆ ಕೊಡೋ ಔಷಧಿಗಳು ಆ ಶಕ್ತಿಯನ್ನು ಇನ್ನೂ ತಗ್ಗಿಸುತ್ತವೆ. ಆದ್ದರಿಂದ ಲಸಿಕೆ ಬೇಗ ಆಗಬೇಕು. ಅದು ದೇಹಕ್ಕೆ ಹಿಡಿದಿದೆಯಾ ಅಂತ ರಕ್ತ ಪರೀಕ್ಷೆಯೂ ಆಗಬೇಕು.

ನಿಮ್ಮ ಮನೆಯಲ್ಲಿ ಕಿಡ್ನಿ ರೋಗಿ ಇದ್ದರೆ ಇವತ್ತೇ ಡಾಕ್ಟರನ್ನ ಕೇಳಿ. ಎಡಿನ್‌ಬರೋದಲ್ಲಿ ಸತ್ತವರ ಕಾಲಕ್ಕೆ ಲಸಿಕೆ ಇರಲಿಲ್ಲ. ನಮ್ಮ ಕಾಲಕ್ಕೆ ಇದೆ.